ವೆಬ್ ಇತಿಹಾಸ, ಭಾಗ 3: ಬ್ರೌಸರ್ ಬದಲಾದ್ರೆ ಕನ್ನಡ ಮಾಯ!

ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲನ್ನ ಮೊಬೈಲಲ್ಲಿ ತೆಗೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ, ನೋಡಿದ್ದೀರಲ್ವಾ? 25 ವರ್ಷದ ಹಿಂದೆ ಕನ್ನಡ ವೆಬ್‌ಸೈಟ್‌ಗಳದ್ದೂ ಇದೇ ಕಥೆ.

👉 ಕಾರಣ ಏನು?
ಆಗಿನ ಫಾಂಟ್‌ಗಳಲ್ಲಿ ಒಳಗೆ ಇರ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕಾಣ್ತಿದ್ದದ್ದು ಕನ್ನಡದ ಚಿತ್ರ. ಫಾಂಟ್ ಇಲ್ಲ ಅಂದ್ರೆ ಕನ್ನಡವೂ ಇಲ್ಲ. 1996ರಲ್ಲಿ ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ' ಇಂಟರ್ನೆಟ್ ಪತ್ರಿಕೆ ಶುರು ಮಾಡಿದ್ದು ಇಂಥ ಕಾಲದಲ್ಲಿ.

👉 1997: ಇಬ್ಬರ ಜಗಳ
ಪುಟದ ಜೊತೆಗೇ ಫಾಂಟನ್ನೂ ಕಳಿಸೋ ದಾರಿ ಬಂತು. ಆದ್ರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಕೇಳಿದ್ದು ಸ್ಟೈಲ್‌ಶೀಟ್‌ನಲ್ಲಿ ಇಒಟಿ ಫೈಲ್, ನೆಟ್‌ಸ್ಕೇಪ್ 4 ಕೇಳಿದ್ದು ಪಿಎಫ್‌ಆರ್ ಫೈಲ್. ಎರಡರಲ್ಲೂ ಕಾಣ್ಬೇಕಾದ್ರೆ ಎರಡನ್ನೂ ಇಡ್ಬೇಕು. ಬಿಕಾಂ ಭಾಷೇಲಿ, ಒಂದೇ ವ್ಯವಹಾರಕ್ಕೆ ಎರಡು ಲೆಡ್ಜರ್! "ನೀನ್ಯಾವ ಬ್ರೌಸರ್?" ಅಂತ ಸ್ಕ್ರಿಪ್ಟ್‌ನಿಂದ ಕೇಳಿ, ಅದಕ್ಕೆ ತಕ್ಕ ಸ್ಟೈಲ್‌ಶೀಟ್ ಕೊಡೋದು ಆಗಿನ ರೂಢಿ.

ಸ್ಕ್ರಿಪ್ಟ್‌ನಿಂದ ಸ್ಟೈಲ್‌ಶೀಟ್ ನಿಯಮ ಬದಲಿಸೋದೂ ಸುಲಭ ಇರ್ಲಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ನಿಯಮಗಳ ಪಟ್ಟಿಯ ಹೆಸರು 'ರೂಲ್ಸ್'. 2000ದ ನವೆಂಬರಲ್ಲಿ ಡಬ್ಲ್ಯು3ಸಿ ಒಪ್ಪಿದ ಹೆಸರು 'ಸಿಎಸ್‌ಎಸ್‌ರೂಲ್ಸ್'. ಎಕ್ಸ್‌ಪ್ಲೋರರ್ ಅದನ್ನ ಒಪ್ಕೊಂಡಿದ್ದು 2011ರ 9ನೇ ಆವೃತ್ತಿಯಲ್ಲಿ. ಅಲ್ಲೀವರೆಗೂ ಒಂದೇ ಕೆಲಸಕ್ಕೆ ಎರಡೆರಡು ಸಾಲು ಕೋಡ್.

👉 ಪೆಟ್ಟು ಬಿದ್ದದ್ದು ಯಾರಿಗೆ?
2000ದಲ್ಲಿ ಬಂದ ನೆಟ್‌ಸ್ಕೇಪ್ 6 ಪಿಎಫ್‌ಆರ್ ಕೈಬಿಡ್ತು. ಪುಟ ಬರೆದವರು ಒಂದಕ್ಷರ ಮುಟ್ಟದಿದ್ರೂ, ಅದನ್ನೇ ನಂಬಿದ್ದ ಪುಟ ಓದುಗರಿಗೆ ಗಲಿಬಿಲಿ. ಸರ್ಚ್ ಮಾಡಿದ್ರೂ ಕನ್ನಡ ಪದ ಸಿಗ್ತಿರ್ಲಿಲ್ಲ, ಒಳಗಡೆ ಕನ್ನಡವೇ ಇರ್ಲಿಲ್ವಲ್ಲ.

👉 ಬಿಡಿಸಿದ್ದು ಯೂನಿಕೋಡ್
ಇದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ಇದೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟ್ ಬಂತು. ನಿಧಾನಕ್ಕೆ ಸೈಟ್‌ಗಳೂ ಬದಲಾದವು. ಈಗ ಸ್ಟೈಲ್‌ಶೀಟ್ ಕೆಟ್ರೆ ಅಂದ ಹೋಗ್ಬಹುದು, ಅಕ್ಷರ ಹೋಗಲ್ಲ.

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಸಾವಿರ ವರ್ಷ ದಾಟಿದ ಶಾಸನಗಳನ್ನ ಲಿಪಿ ಗೊತ್ತಿರೋರು ಈಗ್ಲೂ ಓದ್ತಾರೆ. ಯೂನಿಕೋಡ್‌ಗೆ ಬದಲಾಗದ 1999ರ ವೆಬ್ ಪುಟವನ್ನ ಆ ಫಾಂಟ್ ಅಥವಾ ಕನ್ವರ್ಟರ್ ಇಲ್ದೆ ಕನ್ನಡ ಬಲ್ಲ ಯಾರೂ ಓದೋಕಾಗಲ್ಲ.

ಅದಕ್ಕೇ ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆ ಗೆಳೆಯರಿಗೆ ಒಂದು ಮಾತು: ಸೆಮಿನಾರ್ ಇರ್ಲಿ, ಕಾಲೇಜ್ ಮ್ಯಾಗಜೀನ್ ಇರ್ಲಿ, ಯೂನಿಕೋಡಲ್ಲೇ ಟೈಪ್ ಮಾಡಿ. ಮನೇಲಿ ಹಳೇ ನುಡಿ, ಬರಹ ಫೈಲ್ ಇದ್ರೆ ಈಗ್ಲೇ ಬದಲಿಸಿಡಿ. ನಿಮ್ಮತ್ರ ಅಂಥದ್ದು ಏನಿದೆ? ಕಾಮೆಂಟಲ್ಲಿ ಹೇಳಿ 👇

#ವೆಬ್‌ಇತಿಹಾಸ #ಕನ್ನಡ #ಯೂನಿಕೋಡ್ #ಹಾಸನ