ಹೆಸರು ಬರೆಯುವ ಜಾಗ

ನಮ್ಮೂರಲ್ಲಿ ಹಳಬರು ಈಗಲೂ ಹೊಲದ ಅಳತೆಯನ್ನ ಕೂರಿಗೆ ಲೆಕ್ಕದಲ್ಲೇ ಹೇಳ್ತಾರೆ. ಒಂದು ಕೂರಿಗೆ ಅಂದ್ರೆ ಹೆಚ್ಚುಕಡಿಮೆ ನಾಲ್ಕು ಎಕರೆ. ಒಂದು ಜೋಡಿ ಎತ್ತು, ಒಂದು ಕೂರಿಗೆ, ಒಂದು ದಿನಕ್ಕೆ ಬಿತ್ತುವಷ್ಟು ನೆಲ.

ಕೂರಿಗೆ ನೋಡದವರಿಗೆ ಒಂದೆರಡು ಮಾತು. ಮೇಲೊಂದು ಮರದ ಬಟ್ಟಲು. ಅದರ ತಳದಲ್ಲಿ ಮೂರೋ ನಾಲ್ಕೋ ತೂತು. ಪ್ರತಿ ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಇಳಿದು, ನೆಲ ಸೀಳುವ ತಾಳಿನ ಹಿಂದೆ ಬಾಯಿ ಬಿಡುತ್ತೆ. ಅವ್ವ ಉಡಿಯಲ್ಲಿ ಜೋಳ ಕಟ್ಟಿಕೊಂಡು ಕೂರಿಗೆ ಹಿಂದೆ ನಡೀತಾ ಮುಟಿಗೆಯಿಂದ ಬಟ್ಟಲಿಗೆ ಕಾಳು ಬಿಡ್ತಿದ್ದಳು. ಎಲ್ಲ ಕೊಳವೆಗೂ ಕಾಳು ಸಮನಾಗಿ ಇಳೀಬೇಕು. ಇಲ್ಲಾಂದ್ರೆ ಒಂದು ಸಾಲು ದಟ್ಟ, ಪಕ್ಕದ ಸಾಲು ಬೋಳು.

ಆ ಬಟ್ಟಲನ್ನ ಮಾಡೋದರಲ್ಲಿ ನಮ್ಮೂರಿನ ಬಡಿಗೇರ ಅಜ್ಜನದ್ದು ಎತ್ತಿದ ಕೈ. ಒಂದು ವರ್ಷ ಅವರು ತೂತುಗಳನ್ನ ಸ್ವಲ್ಪ ಓರೆಯಾಗಿ ಕೊರೆದು ನೋಡಿದರು. ಕಾಳು ಸಿಕ್ಕಿಹಾಕಿಕೊಳ್ಳದೆ ಸರಾಗ ಇಳಿಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಊರವರೆಲ್ಲ ‘ನಮಗೂ ಅಂಥದ್ದ ಮಾಡಿಕೊಡಜ್ಜ’ ಅಂತ ಸಾಲುಗಟ್ಟಿದ್ರು. ಅಜ್ಜನಿಗೆ ಸಿಕ್ಕಿದ್ದು ವರ್ಷದ ಆಯದ ಜೋಳ, ಅದೂ ಎಂದಿನಷ್ಟೇ. ಪೇಟೆಂಟ್ ಅನ್ನೋ ಮಾತು ಆಗ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಮಾತಿನ ಅರ್ಥ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ. ಈಗ ನನ್ನ ಹೆಸರಲ್ಲೂ ಒಂದು ಪೇಟೆಂಟ್ ಅರ್ಜಿ ಇದೆ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ ಅಮೆರಿಕದ ಮೂರು ಕೃಷಿ ಯಂತ್ರಗಳ ಕತೆ ಹೇಳಬೇಕು.

ಮೊದಲನೆಯದು ಬೆಳೆ ಕೊಯ್ಯುವ ಯಂತ್ರ. ವರ್ಜೀನಿಯಾದ ರೈತ ರಾಬರ್ಟ್ ಮೆಕಾರ್ಮಿಕ್ ಇದಕ್ಕಾಗಿ ವರ್ಷಗಟ್ಟಲೆ ತಿಣುಕಿ ಕೈಬಿಟ್ಟಿದ್ದ. 1831ರಲ್ಲಿ ಅವನ ಮಗ ಸೈರಸ್ ಮೆಕಾರ್ಮಿಕ್ ಕೊಯ್ದು ತೋರಿಸಿದ. ಕುದುರೆ ಎಳೆಯುವ ಗಾಡಿ. ಗರಗಸದಂತೆ ಅತ್ತಿಂದಿತ್ತ ಆಡುವ ಅಲಗು. ಪೈರನ್ನ ಅಲಗಿನ ಕಡೆಗೆ ಬಾಗಿಸುವ, ತಿರುಗುವ ರೆಕ್ಕೆಗಳು. ಕೊಯ್ದ ತೆನೆ ಹಿಂದಿನ ಹಲಗೆ ಮೇಲೆ ಬೀಳುತ್ತೆ, ಪಕ್ಕದಲ್ಲಿ ನಡೆಯುವವನು ಅದನ್ನ ಎಳೆದು ನೆಲಕ್ಕೆ ಹಾಕಬೇಕು. 1834ರ ಜೂನ್ 21ರಂದು ಇದಕ್ಕೆ ಪೇಟೆಂಟ್ ಸಿಕ್ಕಿತು. ಅದಕ್ಕೂ ಆರು ತಿಂಗಳ ಮುಂಚೆ, 1833ರ ಕೊನೆಯ ದಿನ, ಓಬೆಡ್ ಹಸಿ ಎಂಬಾತ ಇಂಥದ್ದೇ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಯಾರು ಮೊದಲು ಅಂತ ಇಬ್ಬರೂ ವರ್ಷಾನುಗಟ್ಟಲೆ ಜಗಳ ಆಡಿದರು. ಇತಿಹಾಸದ ಪುಸ್ತಕಗಳು ಈ ಜಗಳವನ್ನ ಉದ್ದಕ್ಕೂ ಬರೀತಾವೆ.

ಆದರೆ ಮೆಕಾರ್ಮಿಕ್ ಮನೆಯ ಕಮ್ಮಾರಸಾಲೆಯಲ್ಲಿ ಇನ್ನೊಬ್ಬನಿದ್ದ. ಜೋ ಆಂಡರ್ಸನ್, ಆ ಮನೆಯ ಗುಲಾಮ, ಸೈರಸ್‌ನ ಓರಗೆಯವನು. ಯಂತ್ರ ಕಟ್ಟುವಾಗ ಜೊತೆಗೆ ದುಡಿದವನು ಇವನೇ ಅಂತ ಸೈರಸ್‌ನ ಮೊಮ್ಮಗನೇ 1931ರಲ್ಲಿ ಬರೆದ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಯಂತ್ರದ ಯಾವ ಭಾಗ ಯಾರ ತಲೆಯಿಂದ ಬಂತು ಅಂತ ಬಿಡಿಸಿ ಹೇಳೋಕೆ ಈಗ ದಾರಿಯಿಲ್ಲ. ಪೇಟೆಂಟಿನಲ್ಲಿ ಇರೋದು ಒಂದೇ ಹೆಸರು.

ಎರಡನೆಯದು ನಮ್ಮ ಕೂರಿಗೆಗೆ ಹತ್ತಿರದ್ದು. ಅದೇ 1834ರ ಅಕ್ಟೋಬರಿನಲ್ಲಿ ಮೇರಿಲ್ಯಾಂಡಿನ ಹೆನ್ರಿ ಬ್ಲೇರ್ ಎಂಬ ಕಪ್ಪು ರೈತ ಮೆಕ್ಕೆಜೋಳ ಬಿತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಎರಡು ವರ್ಷ ಬಿಟ್ಟು ಹತ್ತಿ ಬಿತ್ತುವ ಯಂತ್ರಕ್ಕೆ ಇನ್ನೊಂದು. ಬ್ಲೇರ್‌ಗೆ ಅಕ್ಷರ ಬರ್ತಿರಲಿಲ್ಲ, ಸಹಿಯ ಜಾಗದಲ್ಲಿ ಎಕ್ಸ್ ಗುರುತು ಹಾಕಿದ. ಪೇಟೆಂಟ್ ಕಚೇರಿಯ ಪಟ್ಟಿಯಲ್ಲಿ ಅವನ ಹೆಸರಿನ ಜೊತೆ ಬಣ್ಣವನ್ನೂ ಬರೆದರು. ಬಿಳಿಯರ ಹೆಸರಿನ ಮುಂದೆ ‘ಬಿಳಿಯ’ ಅಂತ ಯಾರೂ ಬರೆಯಲಿಲ್ಲ. ಆದರೂ ಬ್ಲೇರ್ ಹೆಸರು ಉಳಿಯಿತು. ಸಹಿ ಬರದಿದ್ದರೂ ನಡೆಯುತ್ತಿತ್ತು. ಬೇಕಾಗಿದ್ದದ್ದು ಸ್ವತಂತ್ರ ಮನುಷ್ಯನಾಗಿರೋದು.

ಮೂರನೆಯದು ನನ್ನನ್ನ ಬಿಡದೆ ಕಾಡಿದ್ದು. ಮಿಸಿಸಿಪ್ಪಿಯಲ್ಲಿ ನೆಡ್ ಅಂತ ಒಬ್ಬ ಇದ್ದ. ಗುಲಾಮ, ಕಬ್ಬಿಣದ ಕೆಲಸ ಬಲ್ಲವನು. ಹತ್ತಿ ಸಾಲಿನ ಕಳೆ ಕೆರೆಯುವ ಒಂದು ಸಾಧನ ಮಾಡಿದ. ನಮ್ಮ ಎಡೆಕುಂಟೆಯ ವರಸೆಯದ್ದು ಅನ್ನಬಹುದು. ಇವನದ್ದು ಸಾಲಿನ ಎರಡೂ ಪಕ್ಕವನ್ನ ಒಂದೇ ಸಲಕ್ಕೆ ಕೆರೆಯುತ್ತಿತ್ತು. ಅವನ ಒಡೆಯ ಆಸ್ಕರ್ ಸ್ಟುವರ್ಟ್ 1857ರಲ್ಲಿ ಇದಕ್ಕೆ ಪೇಟೆಂಟ್ ಕೇಳಿದ. ಸ್ಟುವರ್ಟ್‌ನ ವಾದ ಸರಳ: ಗುಲಾಮ ನನ್ನವನು, ಅವನ ಕೈಕೆಲಸ ನನ್ನದಾದ ಹಾಗೆ ಅವನ ಬುದ್ಧಿಯ ಫಲವೂ ನನ್ನದೇ.

ಸರ್ಕಾರ ಪೇಟೆಂಟ್ ಕೊಡಲಿಲ್ಲ. 1858ರಲ್ಲಿ ಅಟಾರ್ನಿ ಜನರಲ್ ಜೆರೆಮಿಯ ಬ್ಲ್ಯಾಕ್ ಅಭಿಪ್ರಾಯ ಬರೆದರು: ಗುಲಾಮ ಕಂಡುಹಿಡಿದ ಯಂತ್ರಕ್ಕೆ ಪೇಟೆಂಟ್ ಕೊಡಲಾಗದು. ಕಾರಣ ಇರೋದು ಪ್ರಮಾಣ ವಚನದಲ್ಲಿ. ಅರ್ಜಿದಾರ ‘ನಾನೇ ಮೂಲ ಸಂಶೋಧಕ’ ಅಂತ ಪ್ರಮಾಣ ಮಾಡಬೇಕು, ತಾನು ಯಾವ ದೇಶದ ಪ್ರಜೆ ಅಂತಲೂ ಹೇಳಬೇಕು. ಹಿಂದಿನ ವರ್ಷವಷ್ಟೇ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಪ್ಪು ಜನ ಅಮೆರಿಕದ ಪ್ರಜೆಗಳೇ ಅಲ್ಲ ಅಂದಿತ್ತು. ಹಾಗಾಗಿ ನೆಡ್ ಪ್ರಮಾಣ ಮಾಡೋ ಹಾಗಿಲ್ಲ. ಸ್ಟುವರ್ಟ್ ಪ್ರಜೆಯೇನೋ ಹೌದು, ಆದರೆ ಸಂಶೋಧಕ ಅಲ್ಲ. ಅವನೂ ಪ್ರಮಾಣ ಮಾಡೋ ಹಾಗಿಲ್ಲ.

ಮೂರು ವರ್ಷದ ನಂತರ ದಕ್ಷಿಣದ ರಾಜ್ಯಗಳು ಬೇರೆಯಾಗಿ ತಮ್ಮದೇ ಪೇಟೆಂಟ್ ಕಾಯ್ದೆ ಮಾಡಿಕೊಂಡವು. 1861ರ ಆ ಕಾಯ್ದೆಯಲ್ಲಿ ಗುಲಾಮನ ಸಂಶೋಧನೆಗೆ ಒಡೆಯನೇ ಪೇಟೆಂಟ್ ಪಡೆಯಬಹುದು ಅಂತ ಸೇರಿಸಿದರು. ಬುದ್ಧಿ ಇರೋದು ಯಾರ ತಲೆಯಲ್ಲಿ ಅಂತ ಅವರಿಗೂ ಚೆನ್ನಾಗಿ ಗೊತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ನನ್ನ ವಿಷಯ.

ಆಫೀಸಿನಲ್ಲಿ ರಾತ್ರಿ ಓಡುವ ಒಂದು ದೊಡ್ಡ ಕೆಲಸವನ್ನ ಹತ್ತಾರು ಸರ್ವರ್‌ಗಳಿಗೆ ಹಂಚಬೇಕಿತ್ತು. ಒಂದಕ್ಕೆ ಹೊರೆ ಜಾಸ್ತಿ, ಇನ್ನೊಂದು ಖಾಲಿ ಕೂತಿರ್ತಿತ್ತು. ನಮ್ಮ ಬಟ್ಟಲಿನ ಕಾಳಿನದೇ ತೊಂದರೆ ಅನ್ನಿ. ನಾನು ಎರಡು ತಿಂಗಳು ಒದ್ದಾಡಿದೆ. ದಾರಿ ತೋರಿಸಿದ್ದು ಪಕ್ಕದಲ್ಲಿ ಕೂರುತ್ತಿದ್ದ ಗುತ್ತಿಗೆಯ ಹುಡುಗಿ, ಏಜೆನ್ಸಿ ಮೂಲಕ ಬಂದವಳು. ‘ಸರ್, ನಾವು ಹಂಚೋದು ಬೇಡ, ಕೈ ಖಾಲಿಯಾದ ಸರ್ವರೇ ಬಂದು ತಗೊಳ್ಳಲಿ’ ಅಂದಳು. ಅದರ ಮೇಲೆ ನಾನು ಒಂದಿಷ್ಟು ಕಟ್ಟಿದೆ, ಅವಳು ಒಂದಿಷ್ಟು ಕಟ್ಟಿದಳು. ಕೆಲಸ ಆಯ್ತು.

ಪೇಟೆಂಟ್‌ಗೆ ಹಾಕೋಣ ಅಂದರು. ನಮ್ಮ 1970ರ ಪೇಟೆಂಟ್ ಕಾಯ್ದೆಯ ಮೂರನೇ ಸೆಕ್ಷನ್‌ನಲ್ಲಿ ಯಾವುದಕ್ಕೆಲ್ಲ ಪೇಟೆಂಟ್ ಇಲ್ಲ ಅನ್ನೋ ಪಟ್ಟಿ ಇದೆ. ಅದರಲ್ಲಿ ಬೇಸಾಯದ ವಿಧಾನವೂ ಇದೆ, ಬರೀ ಕಂಪ್ಯೂಟರ್ ಪ್ರೋಗ್ರಾಮೂ ಇದೆ. ಅಪ್ಪನ ಕಸುಬು, ಮಗನ ಕಸುಬು ಎರಡೂ ಒಂದೇ ಪಟ್ಟಿಯಲ್ಲಿ. ಹಾಗಾಗಿ ಅರ್ಜಿ ಹೋಗಿದ್ದು ಅಮೆರಿಕಕ್ಕೆ. ಫಾರಂನಲ್ಲಿ ಸಂಶೋಧಕರ ಕಾಲಂನಲ್ಲಿ ನಾನು ಎರಡು ಹೆಸರು ಬರೆದೆ. ಮೇಲಿನವರು ‘ಅವರು ನಮ್ಮ ಎಂಪ್ಲಾಯಿ ಅಲ್ಲ, ಏಜೆನ್ಸಿ ಜೊತೆ ಪೇಪರ್ ವರ್ಕ್ ಜಾಸ್ತಿ ಆಗುತ್ತೆ, ನಿಮ್ಮದಷ್ಟೇ ಇರಲಿ’ ಅಂದರು. ಯಾರೂ ಗದರಿಸಲಿಲ್ಲ, ಹೆದರಿಸಲಿಲ್ಲ. ನಾನೇ ಒಂದು ಸಾಲು ಅಳಿಸಿದೆ. ಆಮೇಲೆ ಒಂದು ಹಾಳೆ ಬಂತು, ಸಹಿ ಹಾಕಿದೆ. ಅದರಲ್ಲಿದ್ದದ್ದು: ಈ ಅರ್ಜಿಯಲ್ಲಿರುವುದಕ್ಕೆ ನಾನೇ ಮೂಲ ಸಂಶೋಧಕ ಎಂದು ನಂಬಿದ್ದೇನೆ.

ನೆಡ್‌ನ ಕತೆ ಓದುವಾಗ ನನಗೆ ಗೊತ್ತಾಯ್ತು, ಅದು ಆ ಹಳೇ ಪ್ರಮಾಣ ವಚನದ್ದೇ ಈಗಿನ ರೂಪ. ಗುಲಾಮಗಿರಿಗೂ ಏಜೆನ್ಸಿ ಕೆಲಸಕ್ಕೂ ಹೋಲಿಕೆ ಮಾಡ್ತಿಲ್ಲ, ಹಾಗೆ ಮಾಡಿದರೆ ನೆಡ್‌ಗೆ ಅವಮಾನ. ನಾನು ಹೋಲಿಸಿಕೊಂಡಿದ್ದು ನನ್ನನ್ನ, ಅದೂ ಸ್ಟುವರ್ಟ್ ಜೊತೆ. ಆ ಮನುಷ್ಯ ನೆಡ್‌ನನ್ನ ಆಸ್ತಿ ಅಂತಲೇ ಎಣಿಸಿದ್ದ, ಲಾಭಕ್ಕೇ ಅರ್ಜಿ ಹಾಕಿದ್ದ. ಆದರೆ ಸಂಶೋಧಕ ಯಾರು ಅನ್ನೋ ಪ್ರಶ್ನೆಗೆ ಅವನು ಸರ್ಕಾರಕ್ಕೆ ಬರೆದದ್ದು ನೆಡ್ ಅಂತ. ನಾನು ಅಷ್ಟನ್ನೂ ಮಾಡಲಿಲ್ಲ.

ಅರ್ಜಿ ಹಾಕಿದ್ದಕ್ಕೆ ಆಫೀಸಿನವರು ಒಂದು ಫಲಕ ಕೊಟ್ಟರು. ಊರಿಗೆ ಒಯ್ದು ಟಿವಿ ಪಕ್ಕ ಇಟ್ಟಿದ್ದೆ. ಅಪ್ಪ ಅದನ್ನ ತಿರುಗಿಸಿ ಮುರುಗಿಸಿ ನೋಡಿ ‘ನೀ ಒಬ್ಬನ ಮಾಡಿದೇನ ತಮ್ಮಾ?’ ಅಂದ. ‘ಹೂಂ’ ಅಂದೆ.

ಕೂರಿಗೆ ಈಗ ದನದ ಕೊಟ್ಟಿಗೆಯ ಮೂಲೆಯಲ್ಲಿದೆ. ನಮ್ಮ ಬಿತ್ತನೆ ಈಗ ಟ್ರ್ಯಾಕ್ಟರ್‌ನಲ್ಲಿ. ನಮ್ಮೂರಿಗೆ ಬಂದ ಮೊದಲ ಟ್ರ್ಯಾಕ್ಟರು ಮಹೀಂದ್ರಾ ಬಿ-275. ಮಹೀಂದ್ರಾದವರು ಅದನ್ನ ಮಾಡೋಕೆ 1963ರಲ್ಲಿ ಕೈಜೋಡಿಸಿದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ. ಅದು ಮೆಕಾರ್ಮಿಕ್ ಕಂಪನಿಯೇ ಬೇರೆಯವರ ಜೊತೆ ಸೇರಿ 1902ರಲ್ಲಿ ಆದ ಕಂಪನಿ. ಜೋ ಆಂಡರ್ಸನ್ ಸುತ್ತಿಗೆ ಹಿಡಿದ ಆ ಕಮ್ಮಾರಸಾಲೆಯಿಂದ ನಮ್ಮ ಹೊಲದ ತನಕ ಒಂದು ಗೆರೆ ಎಳೆಯಬಹುದು. ಆ ಗೆರೆಯ ಈ ತುದಿಯಲ್ಲಿ ಬಡಿಗೇರ ಅಜ್ಜನ ಕೆಲಸ ನಿಂತಿತು. ಅವರ ಮಗ ಹುಬ್ಬಳ್ಳಿಯಲ್ಲಿ ಪ್ಲೈವುಡ್ ಕೆಲಸ ಮಾಡ್ತಾನೆ.

ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಬಿಟ್ಟುಹೋದ ಸಂಶೋಧಕರ ಹೆಸರನ್ನ ಆಮೇಲೂ ಸೇರಿಸೋಕೆ ಅಲ್ಲಿನ ಕಾನೂನಲ್ಲಿ ದಾರಿ ಇದೆ. ಹೋದ ಸೋಮವಾರ ಅದಕ್ಕಾಗಿ ಮೇಲ್ ಬರೆಯೋಕೆ ಕೂತೆ. ಉತ್ತರ ಏನು ಬರುತ್ತೋ, ನನ್ನ ಮೇಲೆ ಏನು ಬರುತ್ತೋ ಗೊತ್ತಿಲ್ಲ. ಬರೀತಾ ಬರೀತಾ ಒಂದು ಕಡೆ ನಿಂತೆ. ಎರಡು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದವಳ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ.

ಫೋನ್ ಮಾಡಿದೆ. ‘ಈಗ್ಯಾಕೆ ಸರ್ ಅದೆಲ್ಲ?’ ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಇನಿಷಿಯಲ್ ಮುಂದೆ ಬರುತ್ತೋ ಹಿಂದೆ ಬರುತ್ತೋ ಅಂತ ಎರಡು ಸಲ ಕೇಳಿ ಬರ್ಕೊಂಡೆ.