ಮೊಳೆ ಜೋಡಿಸಿದ ಮುಂದಾಳು

ಸ್ಟೆಫಾನ್ ಬೋರ್ನನ ಹುಟ್ಟುಹೆಸರು ಬುಟರ್‌ಮಿಲ್ಖ್, ಎಂದರೆ ಮಜ್ಜಿಗೆ! 1824ರಲ್ಲಿ ಪ್ರಷ್ಯಾದ ಲಿಸ್ಸಾದಲ್ಲಿ ಯಹೂದಿ ಮನೆತನದಲ್ಲಿ ಜನಿಸಿದ ಆತ ಬರ್ಲಿನ್ನಿನಲ್ಲಿ ಅಚ್ಚುಮೊಳೆ ಜೋಡಿಸುವ ಕಸುಬು ಕಲಿತ; ಮುಂದೆ ಮಾರ್ಕ್ಸ್, ಎಂಗೆಲ್ಸರ ಬಳಗವನ್ನೂ ಸೇರಿದ. ಆದರೆ 1848ರ ಕ್ರಾಂತಿಯ ವೇಳೆ ಬರ್ಲಿನ್ನಿನ ದುಡಿಮೆಗಾರರಿಗೆ ಬೇಕಾಗಿದ್ದುದು ಸಿದ್ಧಾಂತಕ್ಕಿಂತ ಹೆಚ್ಚಾಗಿ ನ್ಯಾಯವಾದ ಕೂಲಿ, ಕಾಯಿಲೆಯಲ್ಲಿ ನೆರವು. ಅದನ್ನರಿತೇ ಆತ ಆ ವರ್ಷ 'ಕಾರ್ಮಿಕರ ಭ್ರಾತೃಸಂಘ'ವನ್ನು ಕಟ್ಟಿದ. ರಾಜಕೀಯದಲ್ಲಿ ದೊಡ್ಡವನಾಗುವ ಆತುರ ಆತನಿಗಿತ್ತೆಂದು ಎಂಗೆಲ್ಸ್ 1885ರಲ್ಲಿ ಬರೆದ. ಈ ತೀರ್ಪನ್ನು ನಾನು ಒಪ್ಪಲಾರೆ. 1849ರ ಮೇ ತಿಂಗಳಲ್ಲಿ ಡ್ರೆಸ್ಡೆನ್ನಿನ ದಂಗೆ ಸೋತಾಗ, ಉಳಿದ ಹೋರಾಟಗಾರರನ್ನು ಊರ ಹೊರಗೆ ನಡೆಸಿಕೊಂಡು ಹೋದವನು ಇದೇ ಆತುರಗಾರನಲ್ಲವೆ? ಸ್ವಿಟ್ಜರ್ಲೆಂಡಿಗೆ ಪಾರಾದ ಆತ ಕೊನೆಗೆ ಬಾಸೆಲ್ಲಿನಲ್ಲಿ ಸಾಹಿತ್ಯದ ಅಧ್ಯಾಪಕನಾದ. 1898ರಲ್ಲಿ ತೀರಿಕೊಂಡ, ಆತನ ನೆನಪುಗಳ ಪುಸ್ತಕ ಅಚ್ಚಾದದ್ದೂ ಅದೇ ವರ್ಷ.