ಕೋಟೆ ಸೀಮೆಯ ಕೂಸುಗಳ ಆಸ್ಪತ್ರೆ ದಾರಿ

ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೆಚ್ಚುಕಡಿಮೆ 50 ಕಿಲೋಮೀಟರ್. ಈ ಕಾಡಂಚಿನ ತಾಲ್ಲೂಕಿನಲ್ಲಿ ಮಕ್ಕಳ ಚಿಕಿತ್ಸೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ದಾರಿಯ ಇತಿಹಾಸ. ಮಗುವಿನ ಜತೆ ಹೋದ ತಾಯಿ ಎಲ್ಲಿ ಮಲಗಿದಳು, ಏನು ಉಂಡಳು ಎಂಬುದೂ ಅದರ ಭಾಗವೇ.

ಮಕ್ಕಳಿಗೆಂದೇ ಆಸ್ಪತ್ರೆ ತೆರೆಯುವ ಪದ್ಧತಿ ಯುರೋಪಿನಲ್ಲಿ ಶುರುವಾದದ್ದು 1802ರಲ್ಲಿ, ಪ್ಯಾರಿಸ್‌ನಲ್ಲಿ. ಮೈಸೂರು ಸಂಸ್ಥಾನದಲ್ಲಿ ಮಾತ್ರ ಮಗು ಆಸ್ಪತ್ರೆಯ ಹೊಸ್ತಿಲು ದಾಟಿದ್ದು ತಾಯಿಯ ಸೆರಗು ಹಿಡಿದೇ. 1906ರಲ್ಲಿ ಮೈಸೂರಿನಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಹೆಂಗಸರು ಮತ್ತು ಮಕ್ಕಳಿಗಾಗಿ ಹುಟ್ಟಿದ್ದು. 1935ರಲ್ಲಿ ಬೆಂಗಳೂರಿನಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯೂ ಹಾಗೆಯೇ. ಅದರ ಹೆಸರು ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರದು. ಚೆಲುವಾಂಬ ಇದೇ ಸಾಲಿನದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯಾದ್ದರಿಂದ ಮಕ್ಕಳ ತಜ್ಞರು ಅಲ್ಲೇ ನೆಲೆಯಾದರು. ಮಕ್ಕಳಿಗೇ ಮೀಸಲಾದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಸ್ವಾಯತ್ತವಾದದ್ದು 1991ರಲ್ಲಿ.

ಇಂಗ್ಲೆಂಡಿನ ವಾರ್ಡುಗಳು ಬಹುಕಾಲ ಹೆತ್ತವರನ್ನು ಹೊರಗಿಟ್ಟಿದ್ದವು. ಭೇಟಿಗೆ ತಡೆಯಿರಬಾರದು, ತಾಯಿಗೆ ಮಗುವಿನ ಬಳಿ ಉಳಿಯಲು ಅವಕಾಶ ಬೇಕು ಎಂದು ಅಲ್ಲಿನ ಪ್ಲಾಟ್ ಸಮಿತಿ ಹೇಳಿದ್ದು 1959ರಲ್ಲಿ. ನಮ್ಮ ಸರ್ಕಾರಿ ಆಸ್ಪತ್ರೆಗಳ ಕೊರತೆ ಇದಕ್ಕೆ ತಿರುವುಮುರುವು. ತಾಯಿಯನ್ನು ಯಾರೂ ತಡೆಯಲಿಲ್ಲ, ಆದರೆ ಆಕೆಗೆಂದು ಏನನ್ನೂ ಇಡಲಿಲ್ಲ. ಮೊಗಸಾಲೆಯ ನೆಲವೇ ಹಾಸಿಗೆ, ಊರಿಂದ ಬಂದ ಬುತ್ತಿಯೇ ಊಟ.

ಹಾಡಿಗಳೆಂಬ ಬುಡಕಟ್ಟು ವಸತಿಗಳ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಿಗೆ ಇದು ಇನ್ನೂ ಕಠಿಣ. 1970ರ ದಶಕದಲ್ಲಿ ಕಬಿನಿ ಅಣೆಕಟ್ಟು ಮತ್ತು ಹುಲಿ ಯೋಜನೆಯಿಂದ ನೆಲೆ ತಪ್ಪಿದವರು ಕೊಡಗಿನ ತೋಟಗಳ ದಿನಗೂಲಿಗೆ ಇಳಿದಿದ್ದರು. ಆಸ್ಪತ್ರೆಯಲ್ಲಿ ಕೂತ ದಿನ ಕೂಲಿಯಿಲ್ಲ. ಚಿಕಿತ್ಸೆಯೇ ಹಾಡಿಯ ಬಳಿಗೆ ಬರಬೇಕೆಂಬುದನ್ನು ಮಾಡಿ ತೋರಿಸಿದವರು ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು. ಮೈಸೂರಿನ ವೈದ್ಯ ವಿದ್ಯಾರ್ಥಿಗಳಾಗಿದ್ದಾಗ 1984ರಲ್ಲಿ ಅವರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಅದೇ ದಶಕದ ಕೊನೆಗೆ ಬ್ರಹ್ಮಗಿರಿ ಹಾಡಿಯಲ್ಲಿ ಕೆಲಸ ಆರಂಭಿಸಿತು. ಮುಂದೆ ಕೆಂಚನಹಳ್ಳಿಯಲ್ಲಿ, ಆಮೇಲೆ ಸರಗೂರಿನಲ್ಲಿ ಆಸ್ಪತ್ರೆಗಳಾದವು.

ಸರ್ಕಾರದ ವ್ಯವಸ್ಥೆ ಬದಲಾದದ್ದು ಈ ಶತಮಾನದಲ್ಲಿ. 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಬಂತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಕಾಯಿಲೆಯ ನವಜಾತ ಶಿಶುವಿನ ಔಷಧ, ರಕ್ತ, ಪ್ರಯಾಣವನ್ನು ಉಚಿತ ಮಾಡಿತು. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಬೆಚ್ಚಗಿಡುವ ಕಾಂಗರೂ ಆರೈಕೆ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ರೂಪುಗೊಂಡದ್ದು. ಇಂದು ಇಲ್ಲಿನ ವಾರ್ಡುಗಳಲ್ಲೂ ಅದು ರೂಢಿ.

ತಾಯಿಯನ್ನೂ ಲೆಕ್ಕಕ್ಕೆ ಹಿಡಿದದ್ದು ತೀವ್ರ ಅಪೌಷ್ಟಿಕತೆಯ ಮಕ್ಕಳಿಗಾಗಿ ಇರುವ ಪೌಷ್ಟಿಕ ಪುನಶ್ಚೇತನ ಕೇಂದ್ರ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿರುವ ಮಗುವಿಗೆ ಮೊದಮೊದಲು ಎರಡೆರಡು ಗಂಟೆಗೊಮ್ಮೆ ಹಾಲು, ಸಕ್ಕರೆ, ಎಣ್ಣೆ ಬೆರೆಸಿದ ಆಹಾರವನ್ನು ಅಳೆದು ಕುಡಿಸುತ್ತಾರೆ. ದಿನವೂ ತೂಕ ನೋಡುತ್ತಾರೆ. ಸುಮಾರು 14 ದಿನ ಜತೆಗಿರುವ ತಾಯಿಗೆ ಊಟ, ಅಡುಗೆಯ ತರಬೇತಿ, ಕೂಲಿ ನಷ್ಟದ ಪರಿಹಾರ ಉಂಟು. ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಚಿಂತೆಗೆ ಆ ಪರಿಹಾರದಲ್ಲಿ ಉತ್ತರವಿಲ್ಲ. ಅರ್ಧಕ್ಕೇ ಮಗುವನ್ನು ಎತ್ತಿಕೊಂಡು ಹೊರಡುವ ತಾಯಿಯನ್ನು ಹೊಣೆಗೇಡಿ ಎನ್ನುವುದು ಅನ್ಯಾಯ. ಬಿಡುಗಡೆಯ ನಂತರವೂ ಮಗುವನ್ನು ಹದಿನೈದು ದಿನಕ್ಕೊಮ್ಮೆ ತೂಕಕ್ಕೆ ಕರೆತರಬೇಕು. ಅದನ್ನು ನೆನಪಿಸಲು ಮನೆ ಬಾಗಿಲಿಗೆ ಹೋಗುವವರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು.